ಬ್ಯಾಂಕಾಕ್‌ನಲ್ಲಿ ಎಲ್ಲಿ ಉಳಿಯಬೇಕು, ಹೇಗೆ ಓಡಾಡಬೇಕು: ಮೊದಲು ಸ್ಟೇಷನ್, ಆಮೇಲೆ ಹೋಟೆಲ್

ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಬ್ಯಾಂಕಾಕ್ ಮುಟ್ಟಬಹುದು. ಟಿಕೆಟ್ ಆದ ತಕ್ಷಣ ನಾವೆಲ್ಲ ಮಾಡುವುದು ಒಂದೇ ಕೆಲಸ. ಬುಕಿಂಗ್ ಆ್ಯಪ್ ತೆರೆಯುತ್ತೇವೆ, ಈಜುಕೊಳದ ಫೋಟೊ ನೋಡುತ್ತೇವೆ, ಬೆಲೆ ಕಡಿಮೆ ಇದ್ದರೆ ರೂಮ್ ಹಿಡಿದುಬಿಡುತ್ತೇವೆ. ಬ್ಯಾಂಕಾಕ್ ಮಟ್ಟಿಗೆ ಈ ಕ್ರಮ ತಲೆಕೆಳಗು. ಅಲ್ಲಿ ಮೊದಲು ಆರಿಸಬೇಕಾದ್ದು ರೈಲ್ವೆ ಸ್ಟೇಷನ್. ಹೋಟೆಲ್ ಆಮೇಲೆ.

ಕಾರಣ ಸರಳ. ಊರು ಬಹಳ ದೊಡ್ಡದು, ಸಂಜೆ ಐದರ ನಂತರ ರಸ್ತೆ ಕಟ್ಟಿಕೊಂಡರೆ ಮೂರು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹೋಗಬಹುದು. ಆದರೆ ಅದೇ ರಸ್ತೆಯ ಮೇಲೆ ಓಡುವ ರೈಲಿಗೆ ಆ ಮೂರು ಕಿಲೋಮೀಟರ್ ಆರೇಳು ನಿಮಿಷದ ದಾರಿ. ಒಂದೇ ಬೆಲೆಯ ಎರಡು ರೂಮ್‌ಗಳಲ್ಲಿ ಒಂದು ಸ್ಟೇಷನ್ ಪಕ್ಕದಲ್ಲಿದ್ದು ಇನ್ನೊಂದು ಒಂದೂವರೆ ಕಿಲೋಮೀಟರ್ ಒಳಗಿದ್ದರೆ, ನಿಮ್ಮ ಇಡೀ ಪ್ರವಾಸವೇ ಬೇರೆಯಾಗುತ್ತದೆ. ಅಪ್ಪ-ಅಮ್ಮನನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗುವವರಿಗಂತೂ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಹಂತ 1: ನಕ್ಷೆಯಲ್ಲಿ ನಾಲ್ಕು ಗೆರೆ ಗುರುತು ಮಾಡಿಕೊಳ್ಳಿ

ಫೋನಿನಲ್ಲಿ ಬ್ಯಾಂಕಾಕ್ ನಕ್ಷೆ ತೆರೆಯಿರಿ. ಪಶ್ಚಿಮಕ್ಕೆ ಹಾವಿನಂತೆ ಹರಿಯುವ ನದಿ ಚಾವೊ ಫ್ರಾಯಾ. ಅದರ ಪೂರ್ವ ದಡದಲ್ಲಿ ಹಳೆ ಊರು: ಅರಮನೆ, ವಾತ್ ಫೋ ದೇವಸ್ಥಾನ, ಸ್ವಲ್ಪ ಕೆಳಗೆ ಚೈನಾಟೌನ್. ಅಲ್ಲಿಂದ ಪೂರ್ವಕ್ಕೆ ಹೋದರೆ ಸಿಯಾಮ್ ಸುತ್ತಲಿನ ಮಾಲ್‌ಗಳು, ಇನ್ನೂ ಪೂರ್ವಕ್ಕೆ ಉದ್ದವಾದ ಸುಖುಮ್ವಿತ್ ರಸ್ತೆ. ದಕ್ಷಿಣದಲ್ಲಿ ಸೀಲೋಮ್, ಸಾಥೋರ್ನ್ ಎಂಬ ಆಫೀಸು ಪ್ರದೇಶ.

ಇದರ ಮೇಲೆ ರೈಲುಗಳನ್ನು ನೋಡಿ. ಪ್ರವಾಸಿಗೆ ಬೇಕಾದ್ದು ನಾಲ್ಕೇ ಗೆರೆ. ಬಿಟಿಎಸ್ ಎಂಬ ಮೇಲ್ಸೇತುವೆ ರೈಲಿನ ಸುಖುಮ್ವಿತ್ ಮತ್ತು ಸೀಲೋಮ್ ಮಾರ್ಗಗಳು, 1999ರ ಡಿಸೆಂಬರಿನಲ್ಲಿ ಶುರುವಾದವು. ಎರಡೂ ಸಿಯಾಮ್ ಸ್ಟೇಷನ್‌ನಲ್ಲಿ ಸೇರುತ್ತವೆ. ಮೂರನೆಯದು ಎಂಆರ್‌ಟಿ ನೀಲಿ ಮಾರ್ಗ, 2004ರಲ್ಲಿ ಬಂದದ್ದು. ಊರಿನ ನಡುವೆ ನೆಲದಡಿ ಓಡುತ್ತದೆ. ನಾಲ್ಕನೆಯದು ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಫಯಾ ಥೈ ಸ್ಟೇಷನ್‌ವರೆಗೆ ಬರುವ ಏರ್‌ಪೋರ್ಟ್ ರೈಲ್ ಲಿಂಕ್. ಹಳದಿ, ಗುಲಾಬಿ, ಕೆಂಪು ಅಂತ ಇನ್ನೂ ಮಾರ್ಗಗಳಿವೆ, ಆದರೆ ಅವು ಹೆಚ್ಚಾಗಿ ಊರ ಹೊರವಲಯದವರ ಓಡಾಟಕ್ಕೆ.

ಹಳೆಯ ಪ್ರವಾಸ ಪುಸ್ತಕಗಳಲ್ಲಿ "ಅರಮನೆಗೆ ರೈಲಿಲ್ಲ, ಟ್ಯಾಕ್ಸಿಯೇ ಗತಿ" ಅಂತ ಬರೆದಿರುತ್ತದೆ. ಈಗ ಹಾಗಿಲ್ಲ. 2019ರಲ್ಲಿ ನೀಲಿ ಮಾರ್ಗವನ್ನು ಮುಂದುವರಿಸಿದಾಗ ಚೈನಾಟೌನ್ ನಡುವೆ ವಾತ್ ಮಂಗ್ಕೋನ್, ವಾತ್ ಫೋ ಹತ್ತಿರ ಸನಾಮ್ ಚೈ ಸ್ಟೇಷನ್‌ಗಳು ಬಂದವು. ಇದರಿಂದ ಎಲ್ಲಿ ಉಳಿಯಬೇಕು ಅನ್ನುವ ಲೆಕ್ಕವೇ ಬದಲಾಯಿತು. ಹಳೆ ಊರು ನೋಡಲು ಹಳೆ ಊರಲ್ಲೇ ಉಳಿಯಬೇಕಿಲ್ಲ.

ಹಂತ 2: ಎರಡು ಮಾರ್ಗ ಸೇರುವ ಕಡೆ ಬೆರಳಿಡಿ

ರೈಲು ಹತ್ತಿರ ಇದ್ದರೆ ಸಾಲದು, ಎರಡು ಮಾರ್ಗಗಳು ಸಂಧಿಸುವ ಜಾಗದ ಹತ್ತಿರ ಇದ್ದರೆ ಚೆನ್ನ. ಪ್ರತಿ ದಿನ ಒಂದೊಂದು ಬದಲಾವಣೆ ಉಳಿಯುತ್ತದೆ. ನನ್ನ ಮೊದಲ ಆಯ್ಕೆ ಅಸೋಕ್. ಅಲ್ಲಿ ಮೇಲೆ ಬಿಟಿಎಸ್‌ನ ಅಸೋಕ್, ಕೆಳಗೆ ಎಂಆರ್‌ಟಿಯ ಸುಖುಮ್ವಿತ್ ಸ್ಟೇಷನ್. ಹೆಸರು ಬೇರೆ ಬೇರೆ, ಜಾಗ ಒಂದೇ. ಮಾಲ್‌ಗಳಿಗೆ ಬಿಟಿಎಸ್, ಅರಮನೆ ಕಡೆಗೂ ಚೈನಾಟೌನ್‌ಗೂ ಎಂಆರ್‌ಟಿ, ಎರಡಕ್ಕೂ ನಡುವೆ ಇಳಿಯಬೇಕಿಲ್ಲ. ಊಟ, ಔಷಧಿ ಅಂಗಡಿ, ದುಡ್ಡು ಬದಲಾಯಿಸುವ ಕೌಂಟರ್ ಎಲ್ಲ ಸುತ್ತಮುತ್ತ ಇವೆ. ಒಂದು ವಿಷಯ ಗೊತ್ತಿರಲಿ: ಅಸೋಕ್ ಬಳಿಯ ಸೋಯ್ ಕೌಬಾಯ್, ಪಕ್ಕದ ನಾನಾ ಸ್ಟೇಷನ್ ಬಳಿಯ ಸೋಯ್ 4 ಬಾರ್‌ಗಳ ಬೀದಿಗಳು. ಹೆದರುವಂಥದ್ದೇನೂ ಇಲ್ಲ, ಆದರೆ ಕುಟುಂಬದ ಜೊತೆ ಹೋಗುವವರು ರೂಮ್ ಆ ಬೀದಿಯಲ್ಲೇ ಇಲ್ಲವೆಂದು ನೋಡಿಕೊಳ್ಳಿ. ರಾತ್ರಿ ಎರಡರವರೆಗೆ ಸದ್ದು ಇರುತ್ತದೆ.

ಎರಡನೆಯದು ಸೀಲೋಮ್. ಬಿಟಿಎಸ್‌ನ ಸಾಲಾ ದೇಂಗ್, ಎಂಆರ್‌ಟಿಯ ಸೀಲೋಮ್ ಇಲ್ಲಿ ಜೋಡಿ. ಎದುರಿಗೇ ಲುಂಪಿನಿ ಪಾರ್ಕ್, ಬೆಳಿಗ್ಗೆ ವಾಕಿಂಗ್ ಬಿಡದವರಿಗೆ ಹೇಳಿ ಮಾಡಿಸಿದ ಜಾಗ. ಬಿಟಿಎಸ್‌ನಲ್ಲಿ ನಾಲ್ಕು ಸ್ಟೇಷನ್ ಹೋದರೆ ನದಿ. ಸೀಲೋಮ್ ರಸ್ತೆಯಲ್ಲಿ 19ನೇ ಶತಮಾನದಲ್ಲಿ ತಮಿಳು ವಲಸಿಗರು ಕಟ್ಟಿದ ಮಾರಿಯಮ್ಮನ್ ದೇವಸ್ಥಾನ ಇದೆ. ಅದರ ಸುತ್ತ ದಕ್ಷಿಣ ಭಾರತದ ಊಟವೂ ಸಿಗುತ್ತದೆ. ನವರಾತ್ರಿ ಸಮಯದಲ್ಲಿ ಇಲ್ಲಿ ಥಾಯ್ ಜನರೇ ಸಾವಿರಗಟ್ಟಲೆ ಸೇರುತ್ತಾರೆ. ವಿಜಯದಶಮಿಯ ರಾತ್ರಿ ಮೆರವಣಿಗೆಗೆ ರಸ್ತೆಯನ್ನೇ ಮುಚ್ಚುತ್ತಾರೆ. ದಸರಾ ರಜೆಯಲ್ಲಿ ಹೋಗುವವರು ಅದನ್ನು ನೋಡಲೇಬೇಕು. ಆದರೆ ಅವತ್ತು ಸಂಜೆ ಆ ರಸ್ತೆಗೆ ಟ್ಯಾಕ್ಸಿ ಬರುತ್ತದೆ ಅಂತ ನಂಬಿ ಕೂರಬೇಡಿ.

ಮೂರನೆಯದು ಫಯಾ ಥೈ ಮತ್ತು ಅದರ ಪಕ್ಕದ ರಾಚಥೇವಿ. ವಿಮಾನ ನಿಲ್ದಾಣದ ರೈಲು ನೇರ ಇಲ್ಲಿಗೇ ಬರುತ್ತದೆ, ಸಿಯಾಮ್ ಎರಡೇ ಸ್ಟೇಷನ್. ಮೂರ್ನಾಲ್ಕು ದಿನದ ಚಿಕ್ಕ ಪ್ರವಾಸಕ್ಕೆ, ದುಡ್ಡು ಅಳೆದು ಖರ್ಚು ಮಾಡುವವರಿಗೆ ಇದು ಒಳ್ಳೆಯ ಜಾಗ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸಿಯಾಮ್, ಚಿತ್ ಲೋಮ್ ನಡುಮಧ್ಯ, ಬೆಲೆ ಜಾಸ್ತಿ. ಆನ್ ನುತ್ ಅಸೋಕ್‌ನಿಂದ ಐದು ಸ್ಟೇಷನ್ ಆಚೆ, ಬೆಲೆ ಕಡಿಮೆ, ಸುತ್ತ ಸ್ಥಳೀಯರ ಬದುಕು. ಆರಿ ಶಾಂತವಾಗಿದೆ, ಕಾಫಿ ಅಂಗಡಿಗಳು ಜಾಸ್ತಿ. ನದಿ ದಡದ ದೊಡ್ಡ ಹೋಟೆಲ್‌ಗಳು ಸುಂದರ. ಹಲವು ಹೋಟೆಲ್‌ಗಳು ಸಾಥೋರ್ನ್ ಘಾಟಿಗೆ ಉಚಿತ ದೋಣಿ ಬಿಡುತ್ತವೆ, ಆದರೆ ಪ್ರತಿ ಓಡಾಟಕ್ಕೂ ಆ ದೋಣಿಯ ವೇಳೆ ನೋಡಬೇಕು. ಚೈನಾಟೌನ್‌ನ ಯಾವರತ್ ರಸ್ತೆ ರಾತ್ರಿ ಊಟಕ್ಕೆ ಅದ್ಭುತ, ಉಳಿಯಲು ಗದ್ದಲ. ಸೋಮವಾರ ಅಲ್ಲಿ ಬಹಳಷ್ಟು ಗಾಡಿಗಳು ಇರುವುದಿಲ್ಲ.

ನಮ್ಮವರು ಹೆಚ್ಚಾಗಿ ಹೋಗಿ ಬೀಳುವ ಎರಡು ಜಾಗಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಂದು ಪ್ರತುನಾಮ್. ಸಗಟು ಬಟ್ಟೆ ಮಾರುಕಟ್ಟೆ, ಭಾರತೀಯ ಊಟದ ಹೋಟೆಲ್‌ಗಳು ಸಾಲು ಸಾಲು, ಹಿಂದಿ ಮಾತಾಡುವವರೂ ಸಿಗುತ್ತಾರೆ. ಶಾಪಿಂಗೇ ಮುಖ್ಯ ಅನ್ನುವವರು ಇಲ್ಲೇ ಇರಿ. ಆದರೆ ಇದರ ನಡುವೆ ಬಿಟಿಎಸ್ ಇಲ್ಲ. ಚಿತ್ ಲೋಮ್‌ಗೆ ಹದಿನೈದು ನಿಮಿಷ ನಡೆಯಬೇಕು, ರಸ್ತೆಯ ಟ್ರಾಫಿಕ್ ಊರಲ್ಲೇ ಕೆಟ್ಟದ್ದರಲ್ಲಿ ಒಂದು. ಇನ್ನೊಂದು ಖಾವೋ ಸಾನ್, ಬೆನ್ನುಚೀಲದ ಪ್ರವಾಸಿಗರ ಹಳೆಯ ಅಡ್ಡಾ. ಅರಮನೆಗೆ ಹತ್ತಿರ, ರೈಲಿಗೆ ದೂರ. ಹುಡುಗರು ಗುಂಪಾಗಿ ಹೋದರೆ ಸರಿ. ಅಮ್ಮನ ಮಂಡಿನೋವು ಇಟ್ಟುಕೊಂಡು ಅಲ್ಲಿ ರೂಮ್ ಮಾಡಬೇಡಿ.

ಹಂತ 3: ಸ್ಟೇಷನ್‌ನಿಂದ ಹೋಟೆಲ್ ಬಾಗಿಲವರೆಗಿನ ದಾರಿ ಅಳೆಯಿರಿ

ಇಲ್ಲಿ ತಾಳ್ಮೆ ಬೇಕು, ಯಾಕೆಂದರೆ ಬುಕಿಂಗ್ ಆ್ಯಪ್‌ನಲ್ಲಿ ಇದು ನೇರವಾಗಿ ಕಾಣುವುದಿಲ್ಲ.

ಬ್ಯಾಂಕಾಕ್‌ನಲ್ಲಿ ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಬೀದಿಗೆ ಸೋಯ್ ಅನ್ನುತ್ತಾರೆ. ನಮ್ಮ ಮೇನ್ ರೋಡಿಗೆ ಕ್ರಾಸ್‌ಗಳು ಇದ್ದ ಹಾಗೆ. ಸುಖುಮ್ವಿತ್‌ನಲ್ಲಿ ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ. ಆದರೆ ಎರಡೂ ಬದಿಯ ಸಂಖ್ಯೆ ಜೊತೆಜೊತೆಗೆ ಓಡುವುದಿಲ್ಲ. ಅಸೋಕ್ ಬೀದಿ ಸೋಯ್ 21, ಅದರ ಎದುರುಬದಿಯಲ್ಲಿ ನಿಮಗೆ ಸಿಗುವುದು 16ರ ಆಸುಪಾಸು. ಮುಂದೆ ಹೋದಷ್ಟೂ ಅಂತರ ಜಾಸ್ತಿ: 55ನೇ ಸೋಯ್ ಥೋಂಗ್ ಲೋದ ಎದುರಿಗೆ ನಲವತ್ತರ ಒಳಗಿನ ಸಂಖ್ಯೆ. "ಸೋಯ್ 20, ಸೋಯ್ 21 ಪಕ್ಕಪಕ್ಕ ಇರಬೇಕು" ಅಂದುಕೊಂಡು ಬುಕ್ ಮಾಡಬಾರದು.

ಸೋಯ್‌ಗಳು ಉದ್ದ. ಹೋಟೆಲ್ ವಿಳಾಸದಲ್ಲಿ ಸುಖುಮ್ವಿತ್ ಅಂತ ಇದ್ದರೂ ಕಟ್ಟಡ ಒಂದೂವರೆ ಕಿಲೋಮೀಟರ್ ಒಳಗಿರಬಹುದು. ಆ್ಯಪ್ ತೋರಿಸುವ "ಸ್ಟೇಷನ್‌ಗೆ 600 ಮೀಟರ್" ಕೆಲವೊಮ್ಮೆ ಹಕ್ಕಿ ಹಾರಿದ ದೂರ. ಅನೇಕ ಸೋಯ್‌ಗಳು ಕೊನೆಯಲ್ಲಿ ಮುಚ್ಚಿರುತ್ತವೆ, ಅಡ್ಡದಾರಿ ಇರುವುದಿಲ್ಲ. ಹಾಗಾಗಿ ಹೀಗೆ ಮಾಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಹೋಟೆಲ್ ಹಾಕಿ, ಸ್ಟೇಷನ್‌ನಿಂದ ನಡೆಯುವ ದಾರಿ ಕೇಳಿ. ಹತ್ತು ನಿಮಿಷದೊಳಗೆ ಬಂದರೆ ಮಾತ್ರ ಮುಂದುವರಿಯಿರಿ. ಅಲ್ಲಿನ ಏಪ್ರಿಲ್ ಬಿಸಿಲಿನಲ್ಲಿ ಹತ್ತು ನಿಮಿಷವೇ ಸಾಕಾಗಿ ಹೋಗುತ್ತದೆ. ಮುಂದೆ ಸ್ಟ್ರೀಟ್ ವ್ಯೂ ತೆರೆದು ಆ ದಾರಿಯಲ್ಲಿ "ನಡೆದು" ನೋಡಿ. ಫುಟ್‌ಪಾತ್ ಇದೆಯಾ? ಅದರ ಮೇಲೆ ತಿಂಡಿ ಗಾಡಿ, ಕರೆಂಟ್ ಕಂಬ ನಿಂತಿವೆಯಾ? ಸೂಟ್‌ಕೇಸ್ ಚಕ್ರ ಉರುಳುತ್ತಾ? ಪಕ್ಕದ ಸೈಟ್‌ನಲ್ಲಿ ಕ್ರೇನ್ ಕಾಣುತ್ತಿದೆಯಾ?

ಸ್ಟೇಷನ್‌ನ ಯಾವ ಎಕ್ಸಿಟ್ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಬಿಟಿಎಸ್ ಸ್ಟೇಷನ್‌ಗಳು ರಸ್ತೆಯಿಂದ ಎರಡು-ಮೂರು ಮಹಡಿ ಎತ್ತರ. ಅನೇಕ ಕಡೆ ಎಸ್ಕಲೇಟರ್ ಮೇಲೆ ಹತ್ತಿಸುತ್ತದೆ, ಇಳಿಯಲು ಮೆಟ್ಟಿಲು. ಲಿಫ್ಟ್ ಒಂದೋ ಎರಡೋ ಎಕ್ಸಿಟ್‌ನಲ್ಲಿ ಮಾತ್ರ. 23 ಕೆಜಿ ಸೂಟ್‌ಕೇಸ್ ಹಿಡಿದು ತಪ್ಪು ಎಕ್ಸಿಟ್‌ನಲ್ಲಿ ಇಳಿದರೆ ಆರು ಪಥದ ರಸ್ತೆಯ ಆಚೆ ಬದಿಯಲ್ಲಿ ನಿಂತಿರುತ್ತೀರಿ, ಮತ್ತೆ ಹತ್ತಿ ಇಳಿಯಬೇಕು.

ಇದೆಲ್ಲ ಆದ ಮೇಲೆ ರೂಮ್ ನೋಡಿ. ಸ್ಟೇಷನ್ ಹತ್ತಿರದ ಅಚ್ಚುಕಟ್ಟಾದ ಸಾಧಾರಣ ರೂಮ್ ಸಾಮಾನ್ಯ ದಿನಗಳಲ್ಲಿ ಸುಮಾರು 1,000ರಿಂದ 2,000 ಬಹ್ತ್ ಒಳಗೆ ಸಿಗುತ್ತದೆ. ಒಂದು ಬಹ್ತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ಬೆಲೆ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ 10 ಪ್ರತಿಶತ ಸರ್ವಿಸ್, ಅದರ ಮೇಲೆ 7 ಪ್ರತಿಶತ ತೆರಿಗೆ ಸೇರುತ್ತದೆ, ಒಟ್ಟು 17.7. ಹಾಗಾಗಿ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ. ಕಿಟಕಿ ಇದೆಯಾ ನೋಡಿ, ಕಿಟಕಿಯಿಲ್ಲದ ರೂಮ್‌ಗಳನ್ನೂ ಮಾರುತ್ತಾರೆ. ಬರುವಾಗ 500, 1,000 ಬಹ್ತ್ ಡೆಪಾಸಿಟ್ ನಗದಾಗಿ ಕೇಳುವ ಹೋಟೆಲ್‌ಗಳಿವೆ, ಹೋಗುವಾಗ ವಾಪಸ್ ಕೊಡುತ್ತಾರೆ. ರಸೀದಿ ಇಟ್ಟುಕೊಳ್ಳಿ. ಹೋಟೆಲ್ ಸೋಯ್ ಒಳಗಿದ್ದೂ ತುಂಬಾ ಇಷ್ಟವಾದರೆ, ಸ್ಟೇಷನ್‌ಗೆ ಉಚಿತ ಟುಕ್‌ಟುಕ್ ಇದೆಯಾ ಅಂತ ಕೇಳಿ. ಬಹಳ ಕಡೆ ಇರುತ್ತದೆ.

ಎರಡು ಸಂಸಾರ ಸೇರಿ ಹೋಗುವವರಿಗೆ ಸರ್ವಿಸ್ ಅಪಾರ್ಟ್‌ಮೆಂಟ್ ಅನುಕೂಲ: ಸಣ್ಣ ಅಡುಗೆಮನೆ, ವಾಷಿಂಗ್ ಮೆಷಿನ್, ಮೊಸರನ್ನ ಕಲಸಿಕೊಳ್ಳಲು ಜಾಗ. ಆದರೆ ಖಾಸಗಿ ಕಾಂಡೊಮಿನಿಯಂ ಫ್ಲಾಟ್‌ಗಳನ್ನು ಹೋಟೆಲ್ ಪರವಾನಗಿ ಇಲ್ಲದೆ 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಥಾಯ್ ಕಾನೂನಿನ ಪ್ರಕಾರ ತಪ್ಪು. ಆ್ಯಪ್‌ನಲ್ಲಿ ಅಗ್ಗಕ್ಕೆ ಕಾಣುತ್ತವೆ, ಕೆಳಗೆ ಗಾರ್ಡ್ ಒಳಗೆ ಬಿಡದಿದ್ದರೆ ರಾತ್ರಿ ಹನ್ನೊಂದಕ್ಕೆ ನೀವು ಬೀದಿಯಲ್ಲಿ. ಪರವಾನಗಿ ಇರುವ ಕಡೆಯೇ ಮಾಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಊಟಕ್ಕಾಗಿಯೇ ಪ್ರತುನಾಮ್‌ನಲ್ಲಿ ಉಳಿಯಬೇಕು ಅನ್ನುವ ಭಯ ಬೇಡ. ನಾನಾ ಸುತ್ತ, ಸೀಲೋಮ್‌ನಲ್ಲಿ, ಹಳೆ ಊರ ಪಕ್ಕದ ಫಾಹುರತ್‌ನಲ್ಲಿ ಭಾರತೀಯ ಊಟ ಧಾರಾಳ. ಥಾಯ್ ತಿಂಡಿ ತಿನ್ನುವುದಾದರೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ "ಜೇ" ಗುರುತು ಹುಡುಕಿ. ಅಲ್ಲಿ ಮಾಂಸ, ಮೀನಿನ ಸಾಸ್ ಮಾತ್ರವಲ್ಲ, ಬೆಳ್ಳುಳ್ಳಿಯೂ ಇರುವುದಿಲ್ಲ. ಬೇರೆ ಅಂಗಡಿಯಲ್ಲಿ "ವೆಜ್" ಅಂದರೆ ಮಾಂಸ ತೆಗೆದು ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ. ಆದ್ದರಿಂದ "ಮೈ ಸೈ ನಾಮ್ ಪ್ಲಾ" ಅಂತ ಹೇಳುವುದನ್ನು ಕಲಿತುಕೊಳ್ಳಿ, ಮೀನಿನ ಸಾಸ್ ಬೇಡ ಅಂತ.

ಹಂತ 4: ಮೊದಲ ದಿನ, ವಿಮಾನ ನಿಲ್ದಾಣದಿಂದ ರೂಮ್‌ಗೆ

ಅಲ್ಲಿ ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಥಾಯ್ಲೆಂಡ್‌ನ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. 2025ರ ಮೇ 1ರಿಂದ ಇದು ಕಡ್ಡಾಯ, ಮತ್ತು ಉಚಿತ. ದುಡ್ಡು ಕೇಳಿದ ವೆಬ್‌ಸೈಟ್ ಸರ್ಕಾರದ್ದಲ್ಲ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮೊದಲು ರಾಯಭಾರ ಕಚೇರಿಯ ತಾಣ ನೋಡಿ.

ಟಿಕೆಟ್‌ನಲ್ಲಿ ಯಾವ ವಿಮಾನ ನಿಲ್ದಾಣ ಅಂತ ಓದಿ. ಸುವರ್ಣಭೂಮಿ ಪೂರ್ವಕ್ಕೆ, ಡಾನ್ ಮುಯಾಂಗ್ ಉತ್ತರಕ್ಕೆ. ಬರುವುದು ಒಂದಕ್ಕೆ, ಫುಕೆಟ್‌ಗೋ ಕ್ರಾಬಿಗೋ ಹೋಗುವುದು ಇನ್ನೊಂದರಿಂದ ಆದರೆ ನಡುವೆ ಕನಿಷ್ಠ ಐದು ಗಂಟೆ ಇಟ್ಟುಕೊಳ್ಳಿ.

ಸುವರ್ಣಭೂಮಿಯಲ್ಲಿ ಇಳಿದರೆ ಕೆಳಗಿನ ನೆಲಮಾಳಿಗೆಗೆ ಬನ್ನಿ. ರೈಲು ಅಲ್ಲೇ. ದುಡ್ಡು ಬದಲಾಯಿಸಲೂ ಅಲ್ಲಿನ ಕೌಂಟರ್‌ಗಳೇ ವಾಸಿ, ಮೇಲಿನ ಹಾಲ್‌ನಲ್ಲಿ ದರ ಕಡಿಮೆ ಕೊಡುತ್ತಾರೆ. ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲವೂ 200 ಬಹ್ತ್‌ಗೂ ಮೀರಿ ಶುಲ್ಕ ಬೀಳುತ್ತದೆ, ತೆಗೆದರೆ ಒಂದೇ ಸಲ ತೆಗೆಯಿರಿ. ರೈಲಿಗೆ ಗರಿಷ್ಠ 45 ಬಹ್ತ್, ಫಯಾ ಥೈಗೆ ಅರ್ಧ ಗಂಟೆಯೊಳಗೆ. ಅಸೋಕ್‌ನಲ್ಲಿ ಉಳಿಯುವವರು ನಡುವೆ ಮಕ್ಕಸಾನ್‌ನಲ್ಲಿ ಇಳಿದು, ಮೇಲ್ಸೇತುವೆ ದಾಟಿ ಎಂಆರ್‌ಟಿಯ ಫೆಚಬುರಿ ಹಿಡಿದರೆ ಒಂದೇ ಸ್ಟೇಷನ್.

ಆದರೆ ಗಡಿಯಾರ ನೋಡಿ. ನಮ್ಮ ಕಡೆಯ ರಾತ್ರಿ ವಿಮಾನಗಳು ಅಲ್ಲಿ ನಸುಕಿಗೆ ಇಳಿಯುತ್ತವೆ. ಇಮಿಗ್ರೇಷನ್, ಬ್ಯಾಗ್ ಮುಗಿಸಿ ಹೊರಬರುವಾಗ ಏಳು ಗಂಟೆ. ಆಗ ಆ ರೈಲಿನಲ್ಲಿ ಆಫೀಸಿಗೆ ಹೋಗುವವರು ತುಂಬಿರುತ್ತಾರೆ, ದೊಡ್ಡ ಸೂಟ್‌ಕೇಸ್‌ಗೆ ಜಾಗವೇ ಇರುವುದಿಲ್ಲ. ಮೂರ್ನಾಲ್ಕು ಜನ ಇದ್ದರೆ ಟ್ಯಾಕ್ಸಿಯೇ ಲೇಸು. ಒಂದನೇ ಮಹಡಿಯ ಟ್ಯಾಕ್ಸಿ ಸಾಲಿನಲ್ಲಿ ಯಂತ್ರದಿಂದ ಚೀಟಿ ತೆಗೆದುಕೊಳ್ಳಿ, ಅದರಲ್ಲಿರುವ ಸಂಖ್ಯೆಯ ಕಡೆ ಹೋಗಿ. ಮೀಟರ್ ಮೊತ್ತ, ಮೇಲೆ 50 ಬಹ್ತ್ ನಿಲ್ದಾಣದ ಶುಲ್ಕ, ಎಕ್ಸ್‌ಪ್ರೆಸ್‌ವೇ ಟೋಲ್ ನಿಮ್ಮದು. ಒಟ್ಟು ಸಾಮಾನ್ಯವಾಗಿ 300ರಿಂದ 450 ಬಹ್ತ್ ಆಗುತ್ತದೆ. ಚೀಟಿಯನ್ನು ಚಾಲಕನ ಕೈಗೆ ಕೊಡಬೇಡಿ, ನಿಮ್ಮ ಹತ್ತಿರವೇ ಇರಲಿ. ಹೋಟೆಲ್ ಹೆಸರನ್ನು ಥಾಯ್ ಲಿಪಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ತೋರಿಸಿ. ಇಂಗ್ಲಿಷ್ ಹೆಸರು ಎಷ್ಟೋ ಚಾಲಕರಿಗೆ ಓದಲು ಬರುವುದಿಲ್ಲ.

ರೂಮ್ ಮಧ್ಯಾಹ್ನ ಎರಡಕ್ಕೆ ಕೊಡುತ್ತಾರೆ. ಬ್ಯಾಗ್ ರಿಸೆಪ್ಷನ್‌ನಲ್ಲಿಟ್ಟು ಹೊರಡಬಹುದು. ವಯಸ್ಸಾದವರಿದ್ದರೆ ಹಿಂದಿನ ರಾತ್ರಿಯಿಂದಲೇ ರೂಮ್ ಬುಕ್ ಮಾಡಿ ನಸುಕಿಗೆ ಹೋಗಿ ಮಲಗುವುದು ಮೇಲು. ಒಂದು ರಾತ್ರಿಯ ದುಡ್ಡು ಹೋಗುತ್ತದೆ, ಆದರೆ ಎರಡು ದಿನದ ಸುಸ್ತು ತಪ್ಪುತ್ತದೆ.

ಹಂತ 5: ಟಿಕೆಟ್‌ಗಳನ್ನು ಒಮ್ಮೆ ಸರಿಮಾಡಿಕೊಂಡುಬಿಡಿ

ಬಿಟಿಎಸ್ ಬೇರೆ, ಎಂಆರ್‌ಟಿ ಬೇರೆ. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ, ಗೇಟ್‌ನಿಂದ ಹೊರಬಂದು ಮತ್ತೆ ಒಳಹೋಗಬೇಕು. ಬಿಟಿಎಸ್‌ಗೆ ರ‍್ಯಾಬಿಟ್ ಕಾರ್ಡ್ ಮಾಡಿಸಿಕೊಳ್ಳಿ. ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿ ಸುಮಾರು 200 ಬಹ್ತ್ ಕೊಟ್ಟರೆ ಅದರಲ್ಲಿ 100 ಬಳಸಲು ಇರುತ್ತದೆ. ಎರಡೇ ದಿನ ಇರುವವರಿಗೆ ಕಾರ್ಡ್ ದಂಡ, ಬಿಡಿ ಟಿಕೆಟ್ ಸಾಕು. ಎಂಆರ್‌ಟಿ ಗೇಟ್‌ಗೆ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಬ್ಯಾಂಕ್ ಕಾರ್ಡನ್ನೇ ತಾಗಿಸಬಹುದು. ಅದಕ್ಕೆ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿರಬೇಕು. ಒಬ್ಬರಿಗೆ ಒಂದು ಕಾರ್ಡ್. ಗಂಡ ತಾಗಿಸಿದ ಕಾರ್ಡನ್ನೇ ಹೆಂಡತಿ ತಾಗಿಸಿದರೆ ಗೇಟ್ ತೆರೆಯುವುದಿಲ್ಲ.

ರೈಲುಗಳು ಬೆಳಿಗ್ಗೆ ಆರರ ಸುಮಾರಿಗೆ ಶುರು, ಮಧ್ಯರಾತ್ರಿಗೆ ಮುಗಿಯುತ್ತವೆ. ಪ್ಲಾಟ್‌ಫಾರ್ಮ್ ನೆಲದ ಮೇಲೆ ಬಾಣದ ಗುರುತು ಇರುತ್ತದೆ. ಎರಡು ಬದಿ ಸಾಲು ನಿಲ್ಲಿ, ಇಳಿಯುವವರಿಗೆ ನಡುವೆ ದಾರಿ ಬಿಡಿ. ಅಲ್ಲಿನ ಜನ ಎಷ್ಟೇ ಗದ್ದಲ ಇದ್ದರೂ ಇದನ್ನು ಪಾಲಿಸುತ್ತಾರೆ. ಒಳಗೆ ಭಿಕ್ಷುಗಳಿಗೆ ಮೀಸಲಾದ ಸೀಟು ಇರುತ್ತದೆ, ಅಲ್ಲಿ ಕೂರಬೇಡಿ.

ಹಂತ 6: ಯಾವ ಹೊತ್ತಿಗೆ ಯಾವ ವಾಹನ

ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಐದರಿಂದ ಎಂಟು: ಈ ಹೊತ್ತಿನಲ್ಲಿ ರಸ್ತೆಗೆ ಇಳಿಯಬೇಡಿ. ರೈಲು ಅಥವಾ ನೀರು. ಮಳೆ ಬಂದರೂ ಇದೇ ಮಾತು. ಮೇಯಿಂದ ಅಕ್ಟೋಬರ್‌ವರೆಗೆ ಮಧ್ಯಾಹ್ನದ ಮೇಲೆ ಜೋರು ಮಳೆ ಸುರಿಯುತ್ತದೆ, ಸೋಯ್‌ಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದೂ ಉಂಟು. ಸಿಯಾಮ್‌ನಿಂದ ಚಿತ್ ಲೋಮ್‌ವರೆಗೆ ಬಿಟಿಎಸ್ ಹಳಿಯ ಕೆಳಗೇ ಸ್ಕೈವಾಕ್ ಇದೆ. ನೆನೆಯದೆ, ರಸ್ತೆ ದಾಟದೆ ನಡೆದುಹೋಗಬಹುದು.

ನದಿಯ ದೋಣಿಗೆ ಬಿಟಿಎಸ್‌ನ ಸಫಾನ್ ತಾಕ್ಸಿನ್ ಸ್ಟೇಷನ್‌ನಲ್ಲಿ ಇಳಿದರೆ ಕೆಳಗೇ ಸಾಥೋರ್ನ್ ಘಾಟ್. ಅಲ್ಲಿ ಮೊದಲು ಎದುರಾಗುವುದು ಪ್ರವಾಸಿ ದೋಣಿಯ ಕೌಂಟರ್, ನೀಲಿ ಬಾವುಟ, ದರ ಜಾಸ್ತಿ. ನೀವು ಕೇಳಬೇಕಾದ್ದು ಕಿತ್ತಳೆ ಬಾವುಟದ ದೋಣಿ. ಎಷ್ಟು ದೂರ ಹೋದರೂ 16 ಬಹ್ತ್. ಚೈನಾಟೌನ್‌ಗೆ ರಾಚಾವೋಂಗ್, ಅರಮನೆಗೆ ಥಾ ಚಾಂಗ್, ಖಾವೋ ಸಾನ್‌ಗೆ ಫ್ರಾ ಆಥಿತ್ ಘಾಟ್. ದೋಣಿ ಘಾಟಿಗೆ ಬರುವಾಗ ಹಿಂದೆ ನಿಂತ ಹುಡುಗ ಸಿಳ್ಳೆ ಹಾಕಿ ಚಾಲಕನಿಗೆ ಸೂಚನೆ ಕೊಡುತ್ತಾನೆ. ಹಗ್ಗ ಬಿಗಿದ ಮೇಲೆ ಸರಸರ ಹತ್ತಬೇಕು. ಸಂಜೆ ಕತ್ತಲಾದ ಮೇಲೆ ಈ ದೋಣಿ ನೆಚ್ಚಿಕೊಳ್ಳಬೇಡಿ.

ಪ್ರವಾಸಿಗರು ಕಡಿಮೆ ಬಳಸುವ ಇನ್ನೊಂದು ದೋಣಿ ಇದೆ, ನನಗೆ ಬಹಳ ಇಷ್ಟವಾದದ್ದು: ಸೇನ್ ಸೇಪ್ ಕಾಲುವೆಯದ್ದು. ಊರಿನ ಹೊಟ್ಟೆಯೊಳಗೆ ಪೂರ್ವ-ಪಶ್ಚಿಮವಾಗಿ ಹರಿಯುವ ಕಪ್ಪು ನೀರಿನ ಕಾಲುವೆ. ಅಸೋಕ್, ನಾನಾ, ಪ್ರತುನಾಮ್, ಸಿಯಾಮ್ ಹತ್ತಿರದ ಹುವಾ ಚಾಂಗ್ ಘಾಟ್‌ಗಳನ್ನು ಮುಟ್ಟಿ, ಹಳೆ ಊರ ಅಂಚಿನ ಫಾನ್ ಫಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ಗೋಲ್ಡನ್ ಮೌಂಟ್ ದೇವಸ್ಥಾನ ಕೂಗಳತೆ ದೂರ. ಉದ್ದನೆಯ ದೋಣಿ ಘಾಟಿಗೆ ಅಪ್ಪಳಿಸಿದ ಹಾಗೆ ಬಂದು ನಿಲ್ಲುತ್ತದೆ, ಅಂಚಿನ ಮೇಲೆ ಕಾಲಿಟ್ಟು ಒಳಗೆ ಇಳಿಯಬೇಕು. ಹೊರಟ ಕೂಡಲೇ ಹೆಲ್ಮೆಟ್ ಹಾಕಿದ ಕಂಡಕ್ಟರ್ ದೋಣಿಯ ಹೊರಗಿನ ಒಂದು ಗೇಣು ಅಂಚಿನಲ್ಲೇ ನಡೆದು ಬಂದು ಟಿಕೆಟ್ ಹರಿದು ಕೊಡುತ್ತಾರೆ. ಹತ್ತಿಪ್ಪತ್ತು ಬಹ್ತ್ ಅಷ್ಟೆ. ಎದುರು ದೋಣಿ ಬಂದಾಗ ನೀರು ಹಾರುತ್ತದೆ. ಬದಿಯಲ್ಲಿ ಕೂತವರು ಹಗ್ಗ ಎಳೆದರೆ ಪ್ಲಾಸ್ಟಿಕ್ ಪರದೆ ಮೇಲೇಳುತ್ತದೆ. ನೀವು ಬದಿಯಲ್ಲಿದ್ದರೆ ಆ ಕೆಲಸ ನಿಮ್ಮದು, ನೀರು ಮುಖಕ್ಕೆ ಬೀಳಬಾರದು. ಪ್ರತುನಾಮ್‌ನಲ್ಲಿ ದೋಣಿ ಬದಲಾಯಿಸಬೇಕು. ಸಂಜೆ ಆರಕ್ಕೆ ಮೇಲಿನ ರಸ್ತೆಯಲ್ಲಿ ಕಾರುಗಳು ಅಲುಗಾಡದೆ ನಿಂತಿರುವಾಗ ಈ ದೋಣಿ ಸೇತುವೆಗಳ ಕೆಳಗೆ ನುಗ್ಗಿ ಹೋಗುತ್ತದೆ. ಮಂಡಿನೋವಿರುವವರಿಗೆ, ಪುಟ್ಟ ಮಕ್ಕಳಿಗೆ ಮಾತ್ರ ಬೇಡ.

ಟ್ಯಾಕ್ಸಿ ಹಗಲು ಹೊತ್ತಿನಲ್ಲಿ ಮೂವರಿಗೆ ಒಳ್ಳೆಯದು, ಅಗ್ಗ. ಮೀಟರ್ 35 ಬಹ್ತ್‌ನಿಂದ ಶುರು. ಮೀಟರ್ ಹಾಕದೆ 300 ಅಂದರೆ ಜಗಳ ಬೇಡ, ಬಾಗಿಲು ಮುಚ್ಚಿ ಮುಂದಿನದಕ್ಕೆ ಕೈ ಮಾಡಿ. ಮಾಲ್ ಎದುರು ನಿಂತ ಟ್ಯಾಕ್ಸಿಗಿಂತ ರಸ್ತೆಯಲ್ಲಿ ಓಡುತ್ತಿರುವುದು ಯಾವಾಗಲೂ ವಾಸಿ. ಇನ್ನೊಂದು ಗುಟ್ಟು: ನೀವು ಹೋಗಬೇಕಾದ ದಿಕ್ಕಿನ ಬದಿಗೆ ಬಿಟಿಎಸ್ ಮೇಲ್ಸೇತುವೆಯಲ್ಲಿ ದಾಟಿ ನಿಂತೇ ಟ್ಯಾಕ್ಸಿ ಹಿಡಿಯಿರಿ. ಅಲ್ಲಿ ಯು-ಟರ್ನ್ ಬಹಳ ದೂರ ಇರುತ್ತದೆ, ಅದೊಂದಕ್ಕೇ ಇಪ್ಪತ್ತು ನಿಮಿಷ ಹೋಗಬಹುದು. ರಾತ್ರಿ, ಅಥವಾ ಭಾಷೆಯ ತೊಂದರೆ ಅನಿಸಿದರೆ ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳಿವೆ. ದರ ಮೊದಲೇ ಗೊತ್ತಾಗುತ್ತದೆ. ಪಿಕಪ್ ಜಾಗವನ್ನು ಹೋಟೆಲ್ ಬಾಗಿಲಿಗೋ ಸೋಯ್ ಬಾಯಿಗೋ ಇಡಿ.

ಸೋಯ್ ಬಾಯಲ್ಲಿ ಕಿತ್ತಳೆ ಜಾಕೆಟ್ ಹಾಕಿದ ಬೈಕ್ ಟ್ಯಾಕ್ಸಿಯವರು ಕೂತಿರುತ್ತಾರೆ. ಒಳಗಿನ ಒಂದು ಕಿಲೋಮೀಟರಿಗೆ ಹತ್ತಿಪ್ಪತ್ತು ಬಹ್ತ್, ದರದ ಬೋರ್ಡ್ ಅಲ್ಲೇ ಇರುತ್ತದೆ. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ. ಟುಕ್‌ಟುಕ್ ಮೋಜಿಗೆ ಒಮ್ಮೆ ಹತ್ತಬಹುದು, ದರ ಮಾತಾಡಿಕೊಂಡು. ಆದರೆ ಅರಮನೆ ಹತ್ತಿರ ಯಾರಾದರೂ ನಯವಾಗಿ ಬಂದು "ಇವತ್ತು ಅರಮನೆ ಮುಚ್ಚಿದೆ, 20 ಬಹ್ತ್‌ಗೆ ಬೇರೆ ದೇವಸ್ಥಾನ ತೋರಿಸುತ್ತೇನೆ" ಅಂದರೆ ಮಾತು ಬೆಳೆಸಬೇಡಿ. ಆ ಗಾಡಿ ನಿಲ್ಲುವುದು ರತ್ನದ ಅಂಗಡಿ, ದರ್ಜಿ ಅಂಗಡಿ ಮುಂದೆ. ನೇರ ಗೇಟ್‌ಗೆ ನಡೆದು ನಿಮ್ಮ ಕಣ್ಣಿಂದಲೇ ನೋಡಿ.

ಹಂತ 7: ಒಂದು ದಿನವನ್ನು ಸುತ್ತು ಹಾಕಿ ಜೋಡಿಸಿ

ಹೋದ ದಾರಿಯಲ್ಲೇ ವಾಪಸ್ ಬರದೆ, ರೈಲಿನಲ್ಲಿ ಹೋಗಿ ನೀರಿನಲ್ಲಿ ಬನ್ನಿ. ಅಸೋಕ್‌ನಲ್ಲಿ ಉಳಿದವರಿಗೆ ಹಳೆ ಊರಿನ ದಿನ ಹೀಗೆ ಕೂರುತ್ತದೆ. ಬೆಳಿಗ್ಗೆ ಏಳೂವರೆಗೆ ಎಂಆರ್‌ಟಿ ಸುಖುಮ್ವಿತ್‌ನಲ್ಲಿ ಹತ್ತಿದರೆ ಬದಲಾಯಿಸದೆ ಸನಾಮ್ ಚೈ. ಆ ಸ್ಟೇಷನ್ ಒಳಗನ್ನೇ ಹಳೆಯ ಆಸ್ಥಾನದ ಶೈಲಿಯಲ್ಲಿ ಕಟ್ಟಿದ್ದಾರೆ, ಎರಡು ನಿಮಿಷ ನಿಂತು ನೋಡಿ. ಅರಮನೆ ತೆರೆಯುವುದು ಎಂಟೂವರೆಗೆ, ಪ್ರವಾಸಿಗರ ಗೇಟ್ ಉತ್ತರ ಬದಿಯಲ್ಲಿ, ಹದಿನೈದು-ಇಪ್ಪತ್ತು ನಿಮಿಷದ ನಡಿಗೆ. ನಡೆಯಲಾಗದವರಿಗೆ ಇಷ್ಟು ದೂರಕ್ಕೆ ಟುಕ್‌ಟುಕ್ ಸರಿ. ವಿದೇಶಿಯರಿಗೆ 500 ಬಹ್ತ್, ಮಧ್ಯಾಹ್ನ ಮೂರೂವರೆಗೆ ಟಿಕೆಟ್ ನಿಲ್ಲಿಸುತ್ತಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಒಳಗಿನ ಗೋಡೆಗಳ ಮೇಲೆ ರಾಮಾಯಣದ ಥಾಯ್ ರೂಪವಾದ ರಾಮಕಿಯನ್ ಚಿತ್ರಗಳಿವೆ. ಹನುಮಂತ ಎಲ್ಲೆಲ್ಲೂ ಸಿಗುತ್ತಾನೆ, ಮಕ್ಕಳಿಗೆ ಹುಡುಕಲು ಹೇಳಿ.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಮಲಗಿದ ಬುದ್ಧನ ವಾತ್ ಫೋ. ಬಿಸಿಲೇರಿದ ಮೇಲೆ ಎದುರಿನ ಥಾ ಟಿಯೆನ್ ಘಾಟಿಂದ 5 ಬಹ್ತ್‌ನ ದೋಣಿಯಲ್ಲಿ ನದಿ ದಾಟಿದರೆ ವಾತ್ ಅರುಣ್. ಅರುಣನ ಹೆಸರಿನ ಗೋಪುರ ಅದು, ಪಿಂಗಾಣಿ ಚೂರುಗಳಿಂದ ಮಾಡಿದ ಅಲಂಕಾರ ಹತ್ತಿರದಿಂದ ನೋಡಬೇಕು. ದಾಟಿ ವಾಪಸ್ ಬಂದು ಕಿತ್ತಳೆ ಬಾವುಟದ ದೋಣಿಯಲ್ಲಿ ಸಾಥೋರ್ನ್, ಅಲ್ಲಿಂದ ಬಿಟಿಎಸ್. ಸಿಯಾಮ್‌ನಲ್ಲಿ ರೈಲು ಬದಲಾಯಿಸಿ ಅಸೋಕ್. ಮಧ್ಯಾಹ್ನ ನಾಲ್ಕರೊಳಗೆ ಹೊರಟರೆ ಬಿಟಿಎಸ್‌ನಲ್ಲಿ ಕೂರಲು ಸೀಟೂ ಸಿಗಬಹುದು. ಇಡೀ ದಿನದ ಓಡಾಟಕ್ಕೆ ಒಬ್ಬರಿಗೆ 150 ಬಹ್ತ್ ದಾಟುವುದು ಕಷ್ಟ.

ಶನಿವಾರ, ಭಾನುವಾರ ಸಿಕ್ಕರೆ ಚಾತುಚಕ್ ಸಂತೆ. ಬಿಟಿಎಸ್‌ನ ಮೋ ಚಿತ್‌ಗಿಂತ ಎಂಆರ್‌ಟಿಯ ಕಾಂಫೇಂಗ್ ಫೆಟ್ ಒಳ್ಳೆಯದು, ಮೆಟ್ಟಿಲು ಹತ್ತಿದರೆ ಸಂತೆಯ ಒಳಗೇ ಇರುತ್ತೀರಿ. ಪಟ್ಟಾಯಕ್ಕೆ ಬಸ್ ಬೇಕಾದರೆ ಬಿಟಿಎಸ್ ಎಕ್ಕಮೈ ಪಕ್ಕದ ಬಸ್ ನಿಲ್ದಾಣ. ದೂರದೂರಿನ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೋಂಗ್ ಬದಲು ಬಾಂಗ್ ಸ್ಯೂದಲ್ಲಿರುವ ಕ್ರುಂಗ್ ಥೇಪ್ ಅಫಿವತ್ ನಿಲ್ದಾಣದಿಂದ ಹೊರಡುತ್ತವೆ. ಎಂಆರ್‌ಟಿ ಅಲ್ಲಿಗೂ ಹೋಗುತ್ತದೆ. ಹಳೆ ಬ್ಲಾಗ್ ಓದಿ ಹಳೆ ನಿಲ್ದಾಣಕ್ಕೆ ಹೋಗಿಬಿಡಬೇಡಿ.

ಹಂತ 8: ವಾಪಸ್ ಹೊರಡುವ ದಿನ

ಬೆಂಗಳೂರಿಗೆ ರಾತ್ರಿ ವಿಮಾನ ಇದ್ದರೆ ಹೋಟೆಲ್ ಮಧ್ಯಾಹ್ನ ಹನ್ನೆರಡಕ್ಕೆ ಬಿಡಬೇಕು. ಬ್ಯಾಗ್ ಅಲ್ಲೇ ಇಡಿಸಿ, ಡೆಪಾಸಿಟ್ ಆಗಲೇ ವಾಪಸ್ ಪಡೆಯಿರಿ. ಆ ಮಧ್ಯಾಹ್ನ ದೂರದ ಜಾಗ ಇಟ್ಟುಕೊಳ್ಳಬೇಡಿ, ಸ್ಟೇಷನ್ ಸುತ್ತಲಿನ ಮಾಲ್, ಮಸಾಜ್, ಊಟ ಸಾಕು. ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಅಂದರೆ ಒಂಬತ್ತರ ವಿಮಾನಕ್ಕೆ ಸಂಜೆ ಐದರ ಟ್ರಾಫಿಕ್‌ನಲ್ಲೇ ಹೊರಡಬೇಕಾಗುತ್ತದೆ. ಅಂಥ ದಿನ ಟ್ಯಾಕ್ಸಿ ಹತ್ತಬೇಡಿ. ಮಕ್ಕಸಾನ್ ಅಥವಾ ಫಯಾ ಥೈಗೆ ಹೋಗಿ ರೈಲು ಹಿಡಿಯಿರಿ. ಫಯಾ ಥೈ ಮೊದಲ ಸ್ಟೇಷನ್ ಆದ್ದರಿಂದ ಒಂದು ರೈಲು ಬಿಟ್ಟು ಸಾಲಿನ ಮುಂದೆ ನಿಂತರೆ ಸೂಟ್‌ಕೇಸ್‌ಗೂ ನಿಮಗೂ ಜಾಗ ಸಿಗುತ್ತದೆ. ವಿಮಾನ ಮಧ್ಯರಾತ್ರಿ ದಾಟಿದ ಮೇಲೆ ಇದ್ದರೆ ಒಂಬತ್ತರ ಹೊತ್ತಿಗೆ ರಸ್ತೆ ಬಿಚ್ಚಿಕೊಂಡಿರುತ್ತದೆ, ಆಗ ಟ್ಯಾಕ್ಸಿ ಸುಖ. ರ‍್ಯಾಬಿಟ್ ಕಾರ್ಡ್ ಬಿಸಾಡಬೇಡಿ, ಅದು ಹಲವು ವರ್ಷ ನಡೆಯುತ್ತದೆ, ಮುಂದೆ ಹೋಗುವ ನೆಂಟರ ಕೈಗೆ ಕೊಡಿ.